ಅಕ್ಕನ ಕಿಣ್ವದ ಬಾಟಲಿ

ಅಡುಗೆಮನೆಯ ಸಜ್ಜೆ ಶುಚಿ ಮಾಡುವ ಕೆಲಸವನ್ನು ನಿವೃತ್ತ ಗಂಡಸರಿಗೆಂದೇ ಮೀಸಲಿಟ್ಟಂತೆ ಕಾಣುತ್ತದೆ. ಸ್ಟೂಲು ಹತ್ತಲು ಮೊಣಕಾಲು ಒಪ್ಪುವುದಿಲ್ಲ, ಹತ್ತಲಾರೆ ಎನ್ನಲು ಮರ್ಯಾದೆ ಒಪ್ಪುವುದಿಲ್ಲ. ಹೋದ ಭಾನುವಾರ ಹೀಗೇ ಹತ್ತಿ ನಿಂತು, ಮುಚ್ಚಳ ಕಳೆದುಕೊಂಡ ಡಬ್ಬಗಳನ್ನೂ ಡಬ್ಬ ಕಳೆದುಕೊಂಡ ಮುಚ್ಚಳಗಳನ್ನೂ ಒಂದೊಂದಾಗಿ ಕೆಳಗೆ ದಾಟಿಸುತ್ತಿದ್ದೆ. ಮೆಂತ್ಯದ ಹಿಟ್ಟಿನ ಡಬ್ಬದ ಹಿಂದೆ ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಅಲ್ಲಾಡಿಸಿದರೆ ಒಳಗೆ ಕಾಳು ಇದ್ದಂತೆ ಸದ್ದು. ಕಂಪನಿಯ ಹೆಸರನ್ನು ಪೂರ್ತಿ ಮುಚ್ಚುವಂತೆ ಮೈದಾ ಅಂಟಿನಲ್ಲಿ ಒಂದು ಚೀಟಿ ಅಂಟಿಸಿತ್ತು. ಚೀಟಿಯ ಮೇಲೆ ನನ್ನ ಅಕ್ಕನ ಗುಂಡು ಅಕ್ಷರದಲ್ಲಿ ಒಂದೇ ಪದ: ಕಿಣ್ವ.

ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತುಬಿಟ್ಟೆ. "ಏನ್ರೀ, ತಲೆ ಸುತ್ತು ಬಂತಾ?" ಎಂದು ಹೆಂಡತಿ ಸುಮಾ ಕೇಳಿದಳು. ಹೌದು ಎಂದೆ. ಅಷ್ಟು ಹೇಳಿದರೆ ಒಂದು ಲೋಟ ನೀರು ಸಿಗುತ್ತದೆ, ಮುಂದಿನ ಪ್ರಶ್ನೆ ಬರುವುದಿಲ್ಲ.

ಅಕ್ಕ ಹೋಗಿ ವರ್ಷ ತುಂಬಿತು. ವರ್ಷದ ಕಾರ್ಯವೂ ಮುಗಿಯಿತು. ಶ್ರೀಗಂಧದ ಕಾವಲಿನ ಈ ಮನೆಯಲ್ಲಿ ಅವಳ ಅಕ್ಷರ ಮಾತ್ರ ಹೋಗಿಲ್ಲ. ಯಾವ ಡಬ್ಬ ನೋಡಿದರೂ ಒಂದು ಚೀಟಿ. ಸಾರಿನ ಪುಡಿ. ಸಾರಿನ ಪುಡಿ, ಹಳೇದು. ಹುರಿಗಡಲೆ. ಯಾವುದೋ ಪುಡಿ, ಕೇಳಿ ಬಳಸಿ. ಯಾರನ್ನು ಕೇಳಬೇಕು ಎಂದು ಅದರಲ್ಲಿ ಬರೆದಿಲ್ಲ, ಏಕೆಂದರೆ ಅವಳನ್ನಲ್ಲದೆ ಈ ಮನೆಯಲ್ಲಿ ಬೇರೆ ಯಾರನ್ನೂ ಕೇಳುವ ರೂಢಿ ಇರಲಿಲ್ಲ. ನಾನು ಅಡುಗೆಮನೆಯಲ್ಲಿ ಕೊಂಚ ಹೊತ್ತು ಸುಮ್ಮನೆ ನಿಂತಿದ್ದರೆ ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸುವವಳೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆಯುವ ಯಾವ ಅವಕಾಶವನ್ನೂ ಬಿಡುತ್ತಿರಲಿಲ್ಲ.

ಆ ಶಾಲೆ ಬಿಟ್ಟದ್ದು ನನಗಾಗಿ. ರಾಜಾಜಿನಗರದ ಒಂದು ವಠಾರದಲ್ಲಿ ನಾವಿದ್ದೆವು. ಆರು ಮನೆ, ಒಂದು ನಲ್ಲಿ, ಆ ನಲ್ಲಿಯ ಸುತ್ತ ದಿನವೂ ಒಂದು ಜಗಳ. ಅಪ್ಪ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟು. ನಾನು ಹುಟ್ಟಿದ ಮೇಲೆ ಅಮ್ಮ ಹಾಸಿಗೆ ಹಿಡಿದವಳು ಏಳಲೇ ಇಲ್ಲ. ನನಗೆ ಎರಡು ತುಂಬುವ ಮೊದಲೇ ಹೋದಳು. ಆಗ ಅಕ್ಕನಿಗೆ ಹನ್ನೊಂದು. ಅವಳ ಸ್ಲೇಟಿನಲ್ಲಿ ನಾನು ಅಕ್ಷರ ತಿದ್ದಿದೆ. ಅವಳು ಮದುವೆಯಾಗಲಿಲ್ಲ. ಯಾರೂ ಕೇಳಿ ಬರಲಿಲ್ಲ ಎಂದಲ್ಲ, ಬಂದಾಗಲೆಲ್ಲ ನನಗೆ ಏನಾದರೊಂದು ಪರೀಕ್ಷೆ ಇರುತ್ತಿತ್ತು.

ಸಾಯಂಕಾಲ ಅವಳು ಪಾತ್ರೆ ಬೆಳಗುವಾಗ ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಅವತ್ತಿನ ಪಾಠವನ್ನು ಅವಳಿಗೆ ಒಪ್ಪಿಸಬೇಕಿತ್ತು. ಅದು ನನ್ನ ಓದಿನ ಅನುಕೂಲಕ್ಕೆ ಎಂದು ಎಷ್ಟೋ ವರ್ಷ ನಂಬಿದ್ದೆ. ಆ ಪಾಠ ಅವಳಿಗೇ ಬೇಕಾಗಿತ್ತು ಎಂದು ಹೊಳೆದಾಗ ನಾನು ಜ್ಞಾನಭಾರತಿಯಲ್ಲಿ ಎಂಎಸ್ಸಿ ಓದುತ್ತಿದ್ದೆ. ಬಸ್ಸಿಳಿದು ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ, "ಏನ್ ಮೇಷ್ಟ್ರೇ, ಇವತ್ತೇನು ಹೇಳ್ಕೊಟ್ರು ನಿಮ್ಗೆ?" ಎನ್ನುವಳು. ನಾನು ಇನ್ನೂ ಮೇಷ್ಟ್ರಾಗಿರಲಿಲ್ಲ. ಅವಳು ಅದನ್ನೂ ಮೊದಲೇ ಚೀಟಿ ಬರೆದು ಅಂಟಿಸಿಬಿಟ್ಟಿದ್ದಳು. ನಾನು ಹೇಳಿದ್ದರಲ್ಲಿ ಅರ್ಧ ನನಗೇ ಅರ್ಥವಾಗಿರುತ್ತಿರಲಿಲ್ಲ. ಅವಳು ಮಾತ್ರ ಪೂರ್ತಿ ನಂಬುತ್ತಿದ್ದಳು.

ಕಿಣ್ವ ಎಂಬ ಪದವನ್ನು ನೀವು ಹತ್ತನೇ ತರಗತಿಯ ಪರೀಕ್ಷೆ ಬರೆದು ಅಲ್ಲೇ ಬಿಟ್ಟು ಬಂದಿರಬಹುದು. ಎನ್‌ಜೈಮ್ ಎಂದರೆ ನೆನಪಾದೀತು. ಒಂದು ಅಗುಳು ಅನ್ನವನ್ನು ನೀರಲ್ಲಿ ಹಾಕಿಟ್ಟರೆ ಅದು ತಾನಾಗಿ ಸಕ್ಕರೆಯಾಗುವುದಿಲ್ಲ. ಹಳಸೀತು, ಅಷ್ಟೆ. ಪ್ರಯೋಗಶಾಲೆಯಲ್ಲಿ ಅದನ್ನು ಒಡೆಯಬೇಕಾದರೆ ಆಮ್ಲ ಹಾಕಿ ಕುದಿಸಬೇಕು. ಅದೇ ಅಗುಳನ್ನು ಬಾಯಿಗೆ ಹಾಕಿಕೊಂಡು ನುಂಗದೆ ಅಗಿಯುತ್ತ ಹೋಗಿ, ಸ್ವಲ್ಪ ಹೊತ್ತಿಗೆ ನಾಲಿಗೆಯ ಬದಿಯಲ್ಲಿ ಒಂದು ತೆಳು ಸಿಹಿ ಏಳುತ್ತದೆ. ಬೆಂಕಿಯಿಲ್ಲ, ಆಮ್ಲವಿಲ್ಲ, ಮೈ ಬಿಸಿಯಲ್ಲೇ ಆ ಕೆಲಸ ನಡೆದುಹೋಗುತ್ತದೆ. ಮಾಡುವುದು ನಿಮ್ಮ ಎಂಜಲಿನಲ್ಲಿರುವ ಕಿಣ್ವ. ಎಂದೋ ಆಗಬೇಕಾದ್ದನ್ನು ಅದು ಈ ಗಳಿಗೆಯಲ್ಲಿ ಆಗಿಸುತ್ತದೆ. ಜೈವಿಕ ವೇಗವರ್ಧಕ ಎಂದು ಪುಸ್ತಕದಲ್ಲಿ ಕರೆಯುತ್ತಾರೆ. ಒಂದೊಂದು ಕಿಣ್ವಕ್ಕೂ ಒಂದೊಂದೇ ಕೆಲಸ, ಬೀಗಕ್ಕೆ ಅದರದೇ ಬೀಗದಕೈ ಇರುವಂತೆ. ಅನ್ನ ಒಡೆಯುವುದು ತುಪ್ಪವನ್ನು ಮುಟ್ಟುವುದಿಲ್ಲ. ತುಪ್ಪ ಒಡೆಯುವುದು ಬೇಳೆಯ ಕಡೆ ತಿರುಗಿಯೂ ನೋಡುವುದಿಲ್ಲ.

ವಿಜಯನಗರದ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಇದನ್ನೇ ಹೇಳಿದೆ. ಎರಡು ಪ್ರನಾಳದಲ್ಲಿ ತಿಳಿ ಗಂಜಿ. ಒಂದಕ್ಕೆ ಉಗುಳು ಸೇರಿಸಿ ಹತ್ತು ನಿಮಿಷ ಕಾಯುವುದು. ಆಮೇಲೆ ಎರಡಕ್ಕೂ ಅಯೋಡಿನ್ ಬಿಡುವುದು. ಗಂಜಿ ಇದ್ದದ್ದು ಕಡು ನೀಲಿಯಾಗುತ್ತದೆ, ಉಗುಳು ಸೇರಿದ್ದು ಆಗುವುದಿಲ್ಲ, ಏಕೆಂದರೆ ಅಲ್ಲಿ ಗಂಜಿಯೇ ಉಳಿದಿರುವುದಿಲ್ಲ. ಕಷ್ಟವಿದ್ದದ್ದು ಉಗುಳು ಸಂಗ್ರಹಿಸುವುದರಲ್ಲಿ. ಎಲ್ಲರೆದುರು ಪ್ರನಾಳಕ್ಕೆ ಉಗುಳಲು ಒಂದು ಹುಡುಗಿಯೂ ಒಪ್ಪುತ್ತಿರಲಿಲ್ಲ. ಹುಡುಗರು ಒಪ್ಪುತ್ತಿದ್ದರು, ಆದರೆ ಸ್ಪರ್ಧೆಗಿಳಿಯುತ್ತಿದ್ದರು. ಕೊನೆಗೆ ನನ್ನದನ್ನೇ ಬಳಸುವುದು ಅಭ್ಯಾಸವಾಯಿತು. ಶಾಲೆಯ ತುಂಬ ನನ್ನ ಹೆಸರು ಉಗುಳು ಮೇಷ್ಟ್ರು. ಈಗಲೂ ಅತ್ತಿಗುಪ್ಪೆ ಮೆಟ್ರೋ ಹತ್ತಿರ ಯಾರಾದರೂ ನಡುವಯಸ್ಸಿನ ಗೃಹಸ್ಥರು ಕೈಮುಗಿದು, ಹೆಂಡತಿಗೆ ನನ್ನ ಪರಿಚಯ ಹೇಳಲು ಹೋಗಿ ಅರ್ಧಕ್ಕೆ ತಡೆದುಕೊಂಡರೆ ಅವರು ನನ್ನ ವಿದ್ಯಾರ್ಥಿ ಎಂದು ತಿಳಿಯುತ್ತೇನೆ.

ಕಿಣ್ವಗಳು ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ ಎಂಬ ವಾಕ್ಯಕ್ಕೆ ಒಂದು ಅಂಕ. ಅದಕ್ಕೆ ನನ್ನ ಬಳಿ ಮದುವೆ ದಲ್ಲಾಳಿಯ ಉದಾಹರಣೆ ಇತ್ತು. ದಲ್ಲಾಳಿ ಹುಡುಗ ಹುಡುಗಿಯನ್ನು ಕೂಡಿಸುತ್ತಾನೆ, ತಾನು ಮದುವೆಯಾಗುವುದಿಲ್ಲ, ಛತ್ರದಲ್ಲಿ ಊಟ ಮುಗಿಸಿ ಮುಂದಿನ ಮನೆಯ ಜಾತಕ ಹಿಡಿದು ಹೊರಡುತ್ತಾನೆ. ಒಂದು ವರ್ಷ ಹಿಂದಿನ ಬೆಂಚಿನವನೊಬ್ಬ ಎದ್ದು, "ಸಾರ್, ಜೀರ್ಣ ಆಗೋದು ಅಂದ್ರೆ ಬಿಡಿಸೋದು ಅಲ್ವಾ? ಹಂಗಾದ್ರೆ ದಲ್ಲಾಳಿ ಅಲ್ಲ ಸಾರ್, ಡೈವರ್ಸ್ ಲಾಯರ್ರು" ಎಂದ. ಅವನನ್ನು ಹೊರಗೆ ನಿಲ್ಲಿಸಿದೆ. ಮುಂದಿನ ವರ್ಷದಿಂದ ಅವನ ಉದಾಹರಣೆಯನ್ನೇ ಬಳಸಿದೆ.

ಇನ್ನು ಎಂಜಲಿನ ವಿಷಯ. ಅಕ್ಕನ ಆಡಳಿತದಲ್ಲಿ ನಮ್ಮ ಮನೆಯಲ್ಲಿ ಎಂಜಲು ಎಂದರೆ ಎಂಜಲು. ಲೋಟ ತುಟಿಗೆ ತಾಗಬಾರದು. ಉಣ್ಣುವ ಕೈ ಸೌಟಿನ ಹತ್ತಿರ ಸುಳಿಯಬಾರದು. ಚೇಪೆಕಾಯಿ ಹಂಚಿಕೊಳ್ಳಬೇಕಾದರೆ ಕಾಗೆ ಎಂಜಲು ಮಾಡಬೇಕು, ಅಂದರೆ ಹಣ್ಣನ್ನು ಬಟ್ಟೆಯಲ್ಲಿ ಸುತ್ತಿ ಬಟ್ಟೆಯ ಮೇಲಿಂದ ಕಚ್ಚಿ ಮುರಿಯಬೇಕು. ಬಟ್ಟೆ ತೊಳೆಯುವುದು ಅವಳಿಗೇ, ಆದರೂ ಸೆರಗು ಕೊಡುತ್ತಿದ್ದಳು. ನಾನು ಅರ್ಧ ಕಚ್ಚಿದ ಕೋಡುಬಳೆಯನ್ನು ಅವಳು ಒಂದು ದಿನವೂ ಬಾಯಿಗೆ ಹಾಕಿಕೊಂಡವಳಲ್ಲ. ಔಷಧಿಯ ವಿಷಯದಲ್ಲಿ ಅವಳ ನಿಯಮ ಇನ್ನೂ ಬಿಗಿ. ಔಷಧಿ ಅವಳ ಪಾಲಿಗೆ ತೀರ್ಥ. ಶುದ್ಧ ಕೈ, ಶುದ್ಧ ಬಾಯಿ. ಊಟಕ್ಕೆ ಮೊದಲು ತೆಗೆದುಕೊಂಡಾಳು, ಊಟ ಮುಗಿಸಿ ಬಾಯಿ ಮುಕ್ಕಳಿಸಿ ನೆಲ ಒರೆಸಿ ಆಮೇಲೆ ತೆಗೆದುಕೊಂಡಾಳು. ನಡುವೆ, ಅನ್ನದ ಬಾಯಲ್ಲಿ, ಎಂದೂ ಇಲ್ಲ.

ಅವಳು ಉಣ್ಣುವುದನ್ನು ನಾವು ನೋಡುತ್ತಲೂ ಇರಲಿಲ್ಲ. ಎಲ್ಲರಿಗೂ ಬಡಿಸಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ಗೋಡೆಯ ಕಡೆ ಮುಖಮಾಡಿ, ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಅವಳ ಊಟ. ನಾನು ಆ ಹೊತ್ತಿಗೆ ಟೀವಿಯ ಮುಂದೆ ದೇಶದ ಸಮಸ್ಯೆ ನೋಡಿಕೊಳ್ಳುತ್ತಿದ್ದೆ.

ಎರಡು ವರ್ಷದ ಕೆಳಗೆ ಅವಳು ಇಳಿಯತೊಡಗಿದಳು. ಊಟ ಕಡಿಮೆಯಾಗಿರಲಿಲ್ಲ. ಬಡಿಸಿಕೊಳ್ಳುತ್ತಿದ್ದದ್ದು ಅಷ್ಟೇ, ಉಣ್ಣುತ್ತಿದ್ದದ್ದು ಅಷ್ಟೇ, ಆದರೆ ಬಳೆ ಮಣಿಕಟ್ಟಿನಿಂದ ಜಾರಿ ಮೊಳಕೈವರೆಗೆ ಬರುತ್ತಿತ್ತು. ರವಿಕೆಯ ತೋಳನ್ನು ಅವಳೇ ಎರಡು ಸಲ ಹಿಡಿದು ಹೊಲಿದಳು. ಮೂರನೇ ಸಲ ಸುಮಾ ನೋಡಿ ನನ್ನನ್ನು ಬೈದಳು. ಮಾಗಡಿ ರಸ್ತೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನು, ರಕ್ತ, ಮತ್ತೊಂದು ಸ್ಕ್ಯಾನು. ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ ಎಷ್ಟೋ ವರ್ಷಗಳಿಂದ ಒಳಗೊಳಗೇ ಕೆಟ್ಟು ಕಲ್ಲುಗಟ್ಟಿದೆ, ಅದು ಕಿಣ್ವ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದೆ ಎಂದು ತಿಳಿಯಿತು. ಅಕ್ಕ ಉಣ್ಣುತ್ತಿದ್ದಳು. ಉಂಡದ್ದು ಅವಳಿಗೆ ಸೇರುತ್ತಿರಲಿಲ್ಲ. ತಟ್ಟೆಯ ತುಂಬ ಅನ್ನವಿಟ್ಟುಕೊಂಡು ಉಪವಾಸವಿದ್ದಳು.

ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ಅದು ಆ ದಿನ ನನಗೆ ಹೆಮ್ಮೆಯ ವಿಷಯವಾಗಿತ್ತು. ಎದ್ದು ನಿಂತು ಕುರ್ಚಿ ತೋರಿಸಿದರು. "ಇದು ಕಿಣ್ವದ ಕ್ಯಾಪ್ಸೂಲು ಸಾರ್. ದಿನಕ್ಕೆ ಮೂರು, ಊಟದ ಜೊತೆ. ನಿಮಗೇನು ಹೇಳೋದು ಸಾರ್, ಈ ಪಾಠ ನೀವೇ ಮಾಡಿದ್ದು ನಮಗೆ" ಎಂದು ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ಅಕ್ಕ ಸೆರಗು ಹೊದ್ದು, ತಮ್ಮನ ಶಿಷ್ಯನನ್ನು ಕಣ್ತುಂಬ ನೋಡುತ್ತ ಕೂತಿದ್ದಳು, ಅವರ ಮಾತು ಅವಳ ಕಿವಿಗೆ ಬಿದ್ದಂತಿರಲಿಲ್ಲ. ಅವರು ಬೇರೆ ಯಾವ ರೋಗಿಗಾದರೂ ಐದು ನಿಮಿಷ ವಿವರಿಸುತ್ತಿದ್ದರು. ನನ್ನ ಮುಖ ನೋಡಿ ಬಿಟ್ಟರು.

ವಿವರಣೆಯನ್ನು ನಾನು ಮನೆಯಲ್ಲಿ ಕೊಟ್ಟೆ. ಅವತ್ತು ಸಾಯಂಕಾಲ ಅಕ್ಕ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತೆ. ನಿವೃತ್ತನಾಗಿ ಎರಡು ವರ್ಷದ ಮೇಲೆ ಒಂದು ತರಗತಿ ಸಿಕ್ಕಿತ್ತು, ಬಿಡುವುದುಂಟೆ?

"ನಿನ್ನ ಹೊಟ್ಟೇಲಿರೋ ಗ್ರಂಥಿ ಕಿಣ್ವ ಮಾಡ್ತಾ ಇಲ್ಲ ಅಕ್ಕ. ಅದಕ್ಕೆ ಹೊರಗಿಂದ ಕೊಡೋದು" ಎಂದೆ.

"ಕಿಣ್ವ ಅಂದ್ರೆ ಅದೇ ಅಲ್ವಾ, ನೀನು ಉಗುಳಿಂದು ಏನೋ ಹೇಳ್ತಿದ್ದೆ?"

"ಅದೇ. ಈಗ ನೋಡು, ಹುರುಳಿಕಾಯಿ ಹೆಚ್ಚಿದ್ಯಲ್ಲ, ಈಳಿಗೆ ಖರ್ಚಾಗೋಯ್ತಾ? ಇಲ್ಲ. ಕಿಣ್ವಾನೂ ಹಂಗೇ. ಕೆಲಸ ಮಾಡುತ್ತೆ, ತಾನು ಸವೆಯಲ್ಲ. ಮುಂದಿನದಕ್ಕೆ ಮತ್ತೆ ರೆಡಿ."

"ಸವೆಯೋದೇ ಇಲ್ವಾ?"

"ಇಲ್ಲ. ಒಂದೊಂದು ಕಣ ಸಾವಿರಾರು ಸಲ ಅದೇ ಕೆಲಸ ಮಾಡುತ್ತೆ."

"ಭೇಷ್" ಎಂದಳು ಅಕ್ಕ. ಕೈಯಲ್ಲಿದ್ದ ಹುರುಳಿಕಾಯಿಯನ್ನು ಕೆಳಗಿಟ್ಟು, "ಎಂಥ ಅಚ್ಚುಕಟ್ಟು ನೋಡೋ" ಎಂದಳು. ನನಗೆ ಹುರುಪು ಬಂತು. ಬೀಗ, ಬೀಗದಕೈ, ಲಾಯರು, ಯಾವುದನ್ನೂ ಬಿಡಲಿಲ್ಲ. ಟೀವಿಯಲ್ಲಿ ವಾರ್ತೆ ಶುರುವಾದದ್ದು ಕೇಳಿಸಿ ಹೊರಟೆ. ಹೊರಡುವಾಗ ತಿರುಗಿ, ದಿನಕ್ಕೆ ಮೂರು ಅಂತ ಬರೆದಿದಾರೆ ಎಂದೂ ಹೇಳಿದೆ. ಊಟದ ನಡುವೆ, ತುತ್ತಿನ ಜೊತೆ, ಎಂಬ ಒಂದು ಮಾತನ್ನು ಹೇಳಲಿಲ್ಲ. ಇಡೀ ಪಾಠದಲ್ಲಿ ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಅಲ್ಲಿಂದ ಐದು ತಿಂಗಳು. ನಡುವೆ ಒಮ್ಮೆ ತೋರಿಸಲು ಹೋದಾಗ ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. "ಕ್ಯಾಪ್ಸೂಲು ಸರಿಯಾಗಿ ತಗೋತಿದಾರಾ ಸಾರ್?" ಎಂದು ಕೇಳಿದರು. "ಒಂದು ದಿನಾನೂ ತಪ್ಪಿಸಿಲ್ಲ" ಎಂದು ನಾನೇ ಉತ್ತರಿಸಿದೆ. ಅಕ್ಕ ಹೌದೆಂದು ತಲೆಯಾಡಿಸಿದಳು. ಅದು ಸುಳ್ಳಲ್ಲ. ಮಾತ್ರೆ ತರಲಾ ಎಂದು ಕೇಳಿದಾಗಲೆಲ್ಲ, "ಇನ್ನೂ ಇದೆ ಕಣೋ, ಆಮೇಲೆ ತಂದ್ರಾಯ್ತು" ಎನ್ನುತ್ತಿದ್ದಳು. ಹೇಗೆ ಇದೆ ಎಂದು ನಾನು ಯೋಚಿಸಲಿಲ್ಲ. ಔಷಧಿ ಅಂಗಡಿಗೆ ಹೋಗುವುದು ತಪ್ಪಿತು ಎಂದು ಖುಷಿಯೇ ಆಗಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಆ ನವೆಂಬರಿನಲ್ಲಿ ಸುಮಾ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅಕ್ಕ ಇಬ್ಬರೇ. ಒಂದು ದಿನ ನಾನು ಇನ್ನೂ ಬದುಕಿದ್ದೇನೆ ಎಂದು ಪೆನ್ಷನ್ ಬ್ಯಾಂಕಿನಲ್ಲಿ ಹೆಬ್ಬೆರಳೊತ್ತಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ ದಾಟಿತ್ತು. ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಡಾಕ್ಟರು ಹೇಳಿದ್ದರಿಂದ ಅಕ್ಕ ಒಲ್ಲದ ಮನಸ್ಸಿನಿಂದ ನನಗಿಂತ ಮೊದಲೇ ಊಟಕ್ಕೆ ಕೂತಿದ್ದಳು. ನಾನು ತಟ್ಟೆಗೆ ಬಡಿಸಿಕೊಂಡು ಅವಳ ಪಕ್ಕ ನೆಲದ ಮೇಲೆ ಕೂತೆ. ಬುದ್ಧಿ ಬಂದ ಮೇಲೆ ಅವಳ ಪಕ್ಕ ಕೂತು ಉಂಡದ್ದು ಅದೇ ಮೊದಲಿರಬೇಕು. ಅವಳು ಸಾರನ್ನ ಉಂಡಳು, ಮಜ್ಜಿಗೆ ಅನ್ನ ಉಂಡಳು, ಏಳಲು ಕೈ ಊರಿದಳು.

"ಮಾತ್ರೆ ಎಲ್ಲಿ?" ಎಂದೆ.

"ಬೆಳಿಗ್ಗೆನೇ ಆಯ್ತಲ್ಲೋ."

"ಬೆಳಿಗ್ಗೆದು ಬೆಳಿಗ್ಗೆ ಆಯ್ತು. ಈಗಿಂದು?"

"ಈಗಿಂದೇನು? ದಿನಾ ಸ್ನಾನ ಮಾಡಿ, ದೀಪ ಹಚ್ಚಿ, ತೀರ್ಥದ ಜೊತೆ ಒಂದು ತಗೋತೀನಿ. ಒಳಗೆ ಹೋಗಿ ಕೂತಿರುತ್ತೆ. ಬಂದಿದ್ದನ್ನೆಲ್ಲ ಅದೇ ನೋಡ್ಕೊಳುತ್ತೆ. ನೀನೇ ಹೇಳಿದ್ಯಲ್ಲ, ಸವೆಯಲ್ಲ ಅಂತ. ಮತ್ತೆ ಮೂರು ಯಾಕೆ ದಂಡ ಮಾಡ್ಬೇಕು?"

ನಾನು ಕೂಗಿದೆನೆಂದು ಕಾಣುತ್ತದೆ. "ಊಟದ ನಡುವೆ ತಗೋಬೇಕು ಅಕ್ಕ ಅದನ್ನ! ಅನ್ನದ ಜೊತೆಗೇ ಹೋಗ್ಬೇಕು!"

ಅವಳು ಗಾಬರಿಯಾಗಿ ನನ್ನನ್ನು ನೋಡಿದಳು. "ಎಂಜಲ ಬಾಯಿಗೆ ಔಷಧೀನಾ?" ಎಂದಳು.

ಆಗ ಪಾಠದ ಇನ್ನರ್ಧವನ್ನು ಹೇಳಿದೆ. ಮೂವತ್ತಮೂರು ವರ್ಷ ಯಾವ ತರಗತಿಗೂ ಹೇಳದ ಅರ್ಧ. ಪರೀಕ್ಷೆಗೆ ಬರುತ್ತಿರಲಿಲ್ಲವಾದ್ದರಿಂದ ಹೇಳಿರಲಿಲ್ಲ. ಕಿಣ್ವ ಕ್ರಿಯೆಯಲ್ಲಿ ಖರ್ಚಾಗುವುದಿಲ್ಲ, ನಿಜ. ಆದರೆ ಅದು ಚಿರಂಜೀವಿಯಲ್ಲ. ಅದೂ ಬೇಳೆಯಲ್ಲಿರುವಂಥದೇ ಪ್ರೋಟೀನು. ಹೊಟ್ಟೆಗೆ ಹೋದ ಮೇಲೆ ಕೆಲವು ಗಂಟೆಗಳಲ್ಲಿ ಅದೂ ಒಡೆದು ಅರಗಿ ಹೋಗುತ್ತದೆ. ಆರೋಗ್ಯವಂತರ ಮೈ ಪ್ರತಿ ಊಟಕ್ಕೂ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತದೆ. ಅಕ್ಕ ಬೆಳಗಿನ ತೀರ್ಥದ ಜೊತೆ ನುಂಗಿದ ಕ್ಯಾಪ್ಸೂಲಿಗೆ ಖಾಲಿ ಹೊಟ್ಟೆಯಲ್ಲಿ ಕೆಲಸವೇ ಇರುತ್ತಿರಲಿಲ್ಲ. ಮಧ್ಯಾಹ್ನದ ಅನ್ನ ಇಳಿಯುವ ಹೊತ್ತಿಗೆ ಅದು ಇರುತ್ತಿರಲಿಲ್ಲ.

ಅಕ್ಕ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲಿಲ್ಲ. ಮೂಲೆಯಲ್ಲಿದ್ದ ಈಳಿಗೆಯ ಕಡೆ ನೋಡಿ, "ಈಳಿಗೆನೂ ಸವೆಯುತ್ತೆ ಕಣೋ" ಎಂದಳು. "ಅಪ್ಪ ತಂದಾಗ ನಾಲ್ಕು ಬೆರಳಗಲ ಇತ್ತು. ಈಗ ನೋಡು, ಎರಡಿಲ್ಲ."

"ಅಷ್ಟು ಗೊತ್ತಿದ್ದು ಅವತ್ತು ಯಾಕೆ ಕೇಳ್ಲಿಲ್ಲ ನೀನು?"

"ಮೇಷ್ಟ್ರು ನೀನು. ನೀನು ಹೇಳಿದ್ಮೇಲೆ ನಾನು ಈಳಿಗೇನ ಯಾಕೆ ನಂಬ್ಲಿ?"

ನಾನು ಕೈ ತೊಳೆದು ಬಾಟಲಿಯನ್ನು ತಂದು ಅವಳ ಮುಂದಿಟ್ಟೆ.

ಮೂರಕ್ಕೆ ಒಪ್ಪಿದಳು. ಎಂಜಲಿಗೆ ಒಪ್ಪಲಿಲ್ಲ. ಅಂದರೆ ಬಾಯಲ್ಲಿ ಒಪ್ಪಿದಳು, ಆದರೆ ತುತ್ತಿನ ನಡುವೆ ಕ್ಯಾಪ್ಸೂಲು ತುಟಿಯ ಹತ್ತಿರ ತಂದರೆ ಬಾಯಿ ತೆರೆಯುತ್ತಿರಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ನುಂಗುವಳು, ಆಮೇಲೆ ಊಟಕ್ಕೆ ವಾಪಸು ಕೂರಲಾರಳು. ಒಮ್ಮೆ ಎದ್ದರೆ ಊಟ ಮುಗಿದಂತೆ ಎಂಬುದು ಅವಳ ಇನ್ನೊಂದು ನಿಯಮ. ಹೀಗೆ ಮೂರು ದಿನ ಅರ್ಧ ಊಟ. ಅರವತ್ತು ವರ್ಷ ಕಟ್ಟಿಕೊಂಡು ಬಂದದ್ದನ್ನು ತಮ್ಮನ ಕೂಗಾಟಕ್ಕೆ ಬಿಚ್ಚಲು ಅವಳಿಗೆ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ತೆಗೆದೆ. ಅನ್ನದ ಗಂಜಿ ಬಸಿದು ಆರಿಸಿದೆ. ಮಗಳ ಸೀಮಂತದಲ್ಲಿ ಉಳಿದಿದ್ದ ಎರಡು ಪೇಪರ್ ಕಪ್ಪು ತಂದೆ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ಔಷಧಿ ಮನೆಯಲ್ಲಿತ್ತು. ಎರಡೂ ಕಪ್ಪಿಗೆ ಗಂಜಿ ಹಾಕಿ, "ಇದಕ್ಕೆ ಉಗುಳು" ಎಂದು ಒಂದನ್ನು ಅಕ್ಕನ ಮುಂದೆ ಹಿಡಿದೆ.

"ಥೂ, ಹೋಗೋ! ಅಡುಗೆಮನೇಲಿ!"

"ಎಸೆಯೋ ಕಪ್ಪು ಅಕ್ಕ. ಮೂವತ್ತಮೂರು ವರ್ಷ ನಾನು ಉಗುಳಿದೀನಿ, ಒಂದು ಸಲ ನೀನು ಉಗುಳು."

ಹಿತ್ತಿಲ ಬಾಗಿಲಿಗೆ ಹೋಗಿ, ನನಗೆ ಬೆನ್ನು ಮಾಡಿ, ಸೆರಗು ಅಡ್ಡ ಹಿಡಿದು ಆ ಕೆಲಸ ಮಾಡಿದಳು. ಕಪ್ಪನ್ನು ಎರಡು ಬೆರಳಲ್ಲಿ ದೂರ ಹಿಡಿದು ತಂದಿಟ್ಟಳು. ಹತ್ತು ನಿಮಿಷ ಇಬ್ಬರೂ ಎರಡು ಪೇಪರ್ ಕಪ್ಪಿನ ಎದುರು ಕೂತೆವು. ಅವಳ ಭುಜದ ಮೂಳೆ ರವಿಕೆಯೊಳಗಿಂದ ಎದ್ದು ಕಾಣುತ್ತಿತ್ತು. ಆಮೇಲೆ ಎರಡಕ್ಕೂ ಒಂದೊಂದು ಹನಿ ಅಯೋಡಿನ್ ಬಿಟ್ಟೆ. ಬರಿಯ ಗಂಜಿ ಶಾಯಿಯಂತೆ ನೀಲಿಯಾಯಿತು. ಅಕ್ಕನದು ಆಗಲಿಲ್ಲ. ಚಹಾದ ಬಣ್ಣಕ್ಕೇ ನಿಂತಿತು.

"ಇದರಲ್ಲಿ ಗಂಜಿ ಇಲ್ಲ ಈಗ. ನಿನ್ನ ಎಂಜಲು ಅದನ್ನ ಆಗಲೇ ಒಡೆದಾಯ್ತು" ಎಂದೆ. "ಇಲ್ಲಿರೋದು ಅಂಥದೇ ಕಿಣ್ವ. ಹೊಟ್ಟೇಲಿ ಇಲ್ಲದೇ ಇರೋದೂ ಅಂಥದೇ. ಆ ಕ್ಯಾಪ್ಸೂಲಲ್ಲಿರೋದೂ ಅಂಥದೇ. ಎಂಜಲೂ ಔಷಧೀನೂ ಬೇರೆ ಬೇರೆ ಅಲ್ಲ ಅಕ್ಕ."

ಅವಳು ಕಪ್ಪನ್ನು ಹತ್ತಿರ ಎಳೆದುಕೊಂಡು ಬೆಳಕಿಗೆ ಓರೆ ಮಾಡಿ ನೋಡಿದಳು. ಆಮೇಲೆ ನನ್ನನ್ನಲ್ಲ, ಆ ಕಪ್ಪನ್ನೇ ಕೇಳುವಂತೆ, "ಹಂಗಾದ್ರೆ ನಿಂಗೆ ಅಗಿದು ಕೊಡ್ತಿದ್ನಲ್ಲ, ಅದು ನಿಂಗೆ ಅರಗಿದ್ದು ಇದರಿಂದಾನೇ?" ಎಂದಳು.

"ಏನು ಅಗಿದು ಕೊಡ್ತಿದ್ದೆ?"

"ಅನ್ನ. ಅಮ್ಮಂಗೆ ಜ್ವರ ಹತ್ತಿ ಹಾಲು ನಿಂತೋಗಿತ್ತು. ಹಸುವಿನ ಹಾಲು ಕೊಟ್ರೆ ಕಕ್ಕೋತಿದ್ದೆ ನೀನು. ಕೊನೇ ಮನೆ ಅಜ್ಜಿ ಹೇಳಿದ್ರು, ಮೆದು ಅನ್ನಾನ ಚೆನ್ನಾಗಿ ಅಗಿದು, ಸಿಹಿ ಬಂದ್ಮೇಲೆ ಮಗೂಗೆ ಕೊಡು ಅಂತ. ನಾನು ಅಗಿದು ಬೆರಳಲ್ಲಿ ನಿನ್ನ ನಾಲಿಗೆ ಮೇಲೆ ಇಡ್ತಿದ್ದೆ. ಅಷ್ಟೊತ್ತಿಗೆ ನಂಗೂ ಹಸಿವಾಗಿರೋದು. ಸಿಹಿ ಬಂದ ತಕ್ಷಣ ನುಂಗಿಬಿಡೋಣ ಅನ್ಸೋದು." ಕಪ್ಪನ್ನು ಆಚೆ ಸರಿಸಿ, "ನುಂಗ್ತಿರ್ಲಿಲ್ಲ" ಎಂದಳು.

"ಎಂಜಲು ಅನ್ನಿಸ್ಲಿಲ್ವಾ ಆಗ?"

"ನೀನು ಅಳ್ತಿದ್ದೆ ಕಣೋ" ಎಂದಳು, ಇದೂ ಒಂದು ಪ್ರಶ್ನೆಯೇ ಎನ್ನುವಂತೆ.

ಎಳೆಗೂಸಿನ ಮೇದೋಜೀರಕ ಗ್ರಂಥಿಗೆ ಮೊದಲ ಕೆಲವು ತಿಂಗಳು ಅನ್ನವನ್ನು ಒಡೆಯುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ. ಇದನ್ನೂ ನಾನು ಎಂಎಸ್ಸಿಯಲ್ಲಿ ಓದಿದ್ದೆ. ಆ ಸಾಲನ್ನು ಅವಳಿಗೆ ಒಪ್ಪಿಸಿಯೂ ಇರಬೇಕು, ಪಾತ್ರೆ ಬೆಳಗುತ್ತಿದ್ದವಳು ಹೂಂಗುಟ್ಟಿಯೂ ಇರಬೇಕು. ನನಗೆ ಇಲ್ಲದಿದ್ದದ್ದನ್ನು ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಬಾಯಿಂದ ಕೊಟ್ಟಿದ್ದಾಳೆ ಎಂದು ಅರವತ್ತೆರಡನೆಯ ವಯಸ್ಸಿನಲ್ಲಿ, ಪೇಪರ್ ಕಪ್ಪಿನ ಎದುರು ತಿಳಿದುಕೊಂಡೆ.

ಅವತ್ತು ಮಧ್ಯಾಹ್ನ ಅವಳು ನಾಲ್ಕು ತುತ್ತು ಉಂಡ ಮೇಲೆ ಕ್ಯಾಪ್ಸೂಲನ್ನು ನಾನೇ ಅವಳ ಬಾಯಿಗೆ ಹಾಕಿದೆ. ಕಣ್ಣು ಮುಚ್ಚಿ ನುಂಗಿದಳು. ನೀರು ಕುಡಿದು, "ಏನೂ ಆಗ್ಲಿಲ್ಲ" ಎಂದಳು. ಸಾಯಂಕಾಲ ಬಾಟಲಿಯ ಚೀಟಿಯಲ್ಲಿ ಕಿಣ್ವ ಎಂಬುದರ ಕೆಳಗೆ ಇನ್ನೊಂದು ಸಾಲು ಬರೆಯುತ್ತೇನೆಂದು ಪೆನ್ನು ಕೇಳಿದಳು. ಆ ಹಳೆಯದನ್ನು ನೋಡಲಾರದೆ ನಾನು ಹೊಸ ಬಾಟಲಿ ತಂದುಕೊಟ್ಟೆ, ಅದರ ಮೇಲೆ ಬರೆದಳು: ಕಿಣ್ವ. ಊಟದ ನಡುವೆ. ಮೂರು ಹೊತ್ತು.

ಎರಡು ತಿಂಗಳು ಚೆನ್ನಾಗಿತ್ತು. ಬಳೆ ಮೊಳಕೈ ಬಿಟ್ಟು ಕೆಳಗಿಳಿಯಿತು. ಸುಮಾ ಮೈಸೂರಿನಿಂದ ಬಂದವಳು ನೋಡಿ, "ಅತ್ತಿಗೆ, ಕೆನ್ನೆ ಬಂದಿದೆ ನಿಮ್ಗೆ" ಎಂದಳು. ಸಂಕ್ರಾಂತಿಗೆ ಎಳ್ಳು ಬೀರಲು ಅವಳೇ ಕೊಬ್ಬರಿ ಹೆಚ್ಚಿದಳು, ಅದೇ ಈಳಿಗೆಯಲ್ಲಿ. ಆಮೇಲೆ ಒಂದು ಜ್ವರ ಬಂತು. ಅದು ಎದೆಗೆ ಇಳಿಯಿತು. ಒಂಬತ್ತು ದಿನ ಆಸ್ಪತ್ರೆ. ನನ್ನ ಶಿಷ್ಯ ಕಾರಿಡಾರಿನಲ್ಲಿ ತಲೆ ತಗ್ಗಿಸಿ ನಿಂತು, "ಮೈಯಲ್ಲಿ ತಡ್ಕೊಳೋ ಶಕ್ತೀನೇ ಉಳಿದಿರ್ಲಿಲ್ಲ ಸಾರ್" ಎಂದರು. "ಮೊದಲಿಂದ ಸರಿಯಾಗಿ ತಗೊಂಡಿದ್ರೆ?" ಎಂದು ಕೇಳಿದೆ. ಅವರು ಕೈಯಲ್ಲಿದ್ದ ಫೈಲಿನ ಹಾಳೆ ತಿರುಗಿಸಿದರು. "ಹೇಳಕ್ಕಾಗಲ್ಲ ಸಾರ್" ಎಂದರು. ತರಗತಿಯಲ್ಲೂ ಅವರು ಸುಳ್ಳು ಹೇಳುವ ಹುಡುಗನಾಗಿರಲಿಲ್ಲ, ಉತ್ತರ ಗೊತ್ತಿದ್ದು ನೋವಾಗುವಂತಿದ್ದರೆ ಹೀಗೇ ಪುಸ್ತಕ ತಿರುಗಿಸುತ್ತಿದ್ದರು.

ಹದಿಮೂರನೇ ದಿನದ ಊಟಕ್ಕೆ ಬಂದ ಇನ್ನೊಬ್ಬ ಹಳೆಯ ವಿದ್ಯಾರ್ಥಿ ನನ್ನ ಕೈ ಹಿಡಿದು, "ನಿಮ್ಮಕ್ಕ ನೀವು ಹೇಳ್ತಿದ್ದ ಕಿಣ್ವದ ಥರ ಸಾರ್. ಎಲ್ಲಾರ ಕೆಲಸ ಮಾಡಿಕೊಟ್ರು, ತಾವು ಹಂಗೇ ಇದ್ರು" ಎಂದರು. ಒಳ್ಳೆಯ ಮನಸ್ಸಿನ ಮಾತು. ನನಗೆ ಮಾತ್ರ ಸಿಟ್ಟು ಬಂತು, ಅವರ ಮೇಲಲ್ಲ. ಅವರ ನೋಟ್‌ಬುಕ್ಕಿನಲ್ಲಿ ಆ ವಾಕ್ಯಕ್ಕೆ ಸರಿ ಗುರುತು ಹಾಕಿದವನು ನಾನು. ಅವಳು ಹಂಗೇ ಇರಲಿಲ್ಲ. ಕಣ್ಣೆದುರಿಗೇ ಸವೆದಳು.

ಸಜ್ಜೆಯಲ್ಲಿ ಸಿಕ್ಕಿದ್ದು ಆ ಮೊದಲ ಬಾಟಲಿ. ಒಂದೇ ಪದದ ಚೀಟಿಯದು. ಸುರಿದು ನೋಡಿದೆ. ಆ ಐದು ತಿಂಗಳು ಅವಳು ನುಂಗದೆ ಉಳಿಸಿದವು ಇನ್ನೂ ಇವೆ, ಕಾಲು ಬಾಟಲಿ. ಅವಧಿ ಮುಗಿದಿದೆ, ಎಸೆಯಿರಿ ಎಂದು ಸುಮಾ ಹೇಳುತ್ತಾಳೆ. ಸರಿಯಾದ ಮಾತೇ. ನಾಳೆ ಎಸೆಯುತ್ತೇನೆ ಎಂದು ನಾಲ್ಕು ದಿನದಿಂದ ಹೇಳುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಟೀವಿ ಹಾಕಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ಗೋಡೆಯ ಕಡೆ ಮುಖಮಾಡಿ ಊಟಕ್ಕೆ ಕೂತೆ. ಮೊದಲ ತುತ್ತನ್ನು ನುಂಗದೆ ಅಗಿದೆ. ಅಗಿಯುತ್ತಲೇ ಇದ್ದೆ. ನಾಲಿಗೆಯ ಬದಿಯಲ್ಲಿ ಆ ತೆಳು ಸಿಹಿ ಬಂತು. ನಾನು ಈ ಲೋಕದಲ್ಲಿ ಉಂಡ ಮೊದಲ ಅನ್ನ ಹೀಗೇ ಸಿಹಿಯಾಗಿ ನನ್ನ ಬಾಯಿಗೆ ಬಂದಿರಬೇಕು. ನನಗೆ ನೆನಪಿಲ್ಲ. ಹಸಿದಿದ್ದ ಒಬ್ಬ ಹುಡುಗಿ ತಾನು ನುಂಗದೆ, ಬೆರಳಲ್ಲಿ ತೆಗೆದು, ನನ್ನ ನಾಲಿಗೆಯ ಮೇಲೆ ಇಟ್ಟ ತುತ್ತು ಅದು. ಅವಳ ಬಾಯಿಗೆ ನಾನು ಇಡಬೇಕಾದ ಹೊತ್ತು ಬಂದಾಗ, ಬಾಗಿಲಿಗೆ ಒರಗಿ ನಿಂತು ಪಾಠ ಮಾಡುತ್ತಿದ್ದೆ.